ಇಬ್ಬರ ನಡುವೆ ಬೀಳುವ ಚೆಂಡು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ, ಅವರ ಎಡಬಲಕ್ಕಿರುವ ಅತಿಥಿ ಮಹನೀಯರೇ, ಕಪ್ ಗೆದ್ದು ತಂದು ಈಗ ಮೊದಲ ಸಾಲಿನಲ್ಲಿ ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿರುವ ನನ್ನ ಹುಡುಗಿಯರೇ, ಅವರನ್ನು ನನ್ನ ಕೈಗೆ ಒಪ್ಪಿಸಿದ ಧೈರ್ಯವಂತ ತಂದೆತಾಯಂದಿರೇ, ಸಭಿಕರೇ.

ಐದು ನಿಮಿಷ ಮಾತಾಡಿ ಅಂತ ಹೇಳಿದ್ದಾರೆ. ಹೇಳಿದವರು ಅಧ್ಯಕ್ಷರು. ಅವರು ನನ್ನ ಅಕ್ಕನ ಗಂಡ. ಐದು ನಿಮಿಷಕ್ಕೆ ಬಾಯಿ ಮುಚ್ಚುವವಳು ನಾನಲ್ಲ ಅಂತ ಅವರಿಗೆ ಮದುವೆಯ ದಿನದಿಂದಲೂ ಗೊತ್ತು. ಆದರೂ ಹೇಳಿದ್ದಾರೆ, ಅದು ಅವರ ಕರ್ತವ್ಯ.

ನನ್ನ ಪರಿಚಯ ಇಲ್ಲಿ ಬಹಳ ಜನಕ್ಕೆ ಬೇಕಾಗಿಲ್ಲ. ಬೆಳಗ್ಗೆ ಲ್ಯಾಬಿನಲ್ಲಿ ದೊಡ್ಡವರ ರಕ್ತ ತೆಗೆಯುತ್ತೇನೆ, ಸಾಯಂಕಾಲ ವಾಲಿಬಾಲ್ ಆಡಿಸಿ ಮಕ್ಕಳ ಬೆವರಿಳಿಸುತ್ತೇನೆ. ಈ ಸಭೆಯಲ್ಲಿ ಅರ್ಧ ಜನರಿಗೆ ಯಾವ ಕೈಯಲ್ಲಿ ನರ ಬೇಗ ಸಿಗುತ್ತದೆ ಅಂತ ನನಗೆ ಗೊತ್ತು. ಕೊಲೆಸ್ಟರಾಲೂ ಗೊತ್ತು. ಹೆದರಬೇಡಿ, ಮೈಕಿನಲ್ಲಿ ಹೇಳುವುದಿಲ್ಲ.

ಈ ಕಪ್ ಹೇಗೆ ಬಂತು? ನಮ್ಮ ಹುಡುಗಿಯರ ಸ್ಮ್ಯಾಷಿನಿಂದ ಬಂತು ಅಂತ ಈಗ ತಾನೇ ಸ್ವಾಗತ ಭಾಷಣದಲ್ಲಿ ಹೇಳಿದರು. ಹೋದ ವರ್ಷವೂ ಇವರೇ ಆಡಿದ್ದು, ಸ್ಮ್ಯಾಷ್ ಆಗಲೂ ಚೆನ್ನಾಗಿಯೇ ಇತ್ತು. ಮತ್ತೆ ಆಗ ಯಾಕೆ ಸೋತರು? ಮರ್ಯಾದೆಯಿಂದ ಸೋತರು, ಸ್ವಾಮಿ. ಅತಿಯಾದ ಮರ್ಯಾದೆಯಿಂದ ಸೋತರು. ಚೆಂಡು ಸರಿಯಾಗಿ ಇಬ್ಬರ ನಡುವೆ ಬರುತ್ತದೆ. ಇವಳು ಅವಳನ್ನು ನೋಡುತ್ತಾಳೆ, ಅವಳು ಇವಳನ್ನು ನೋಡುತ್ತಾಳೆ. ಬಾಗಿಲಲ್ಲಿ ಎದುರಾದ ಬೀಗರ ಹಾಗೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಚೆಂಡು ದೊಪ್ಪನೆ ನೆಲಕ್ಕೆ. ಆಮೇಲೆ ಶುರು. "ಅಯ್ಯೋ, ನೀನು ತಗೋತೀಯ ಅಂದ್ಕೊಂಡೆ ಕಣೇ." "ನಾನೂ ಹಾಗೇ ಅಂದ್ಕೊಂಡೆ ಕಣೇ."

ಹೀಗೆ ಬಿದ್ದ ಚೆಂಡನ್ನು ನೋಡಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಎಗರಿದರೂ ಕೈಗೆ ಸಿಗದಿದ್ದರೆ ಬೇರೆ ಮಾತು. ಮುಂದೆಯೇ ಬಂದು ನಿಂತದ್ದನ್ನು ಬಿಡುವುದು ಅಂದರೇನು? ಅದಕ್ಕೆ ಈ ವರ್ಷ ನಾನು ಸ್ಮ್ಯಾಷ್ ಪಕ್ಕಕ್ಕಿಟ್ಟು ಒಂದೇ ಮಾತು ಕಲಿಸಿದೆ. ಚೆಂಡು ನಿನ್ನ ಕಡೆ ಬಂದರೆ 'ನಂದು' ಅಂತ ಕೂಗಬೇಕು. ಬಾಯಲ್ಲಿ ಕೂಗಿ, ಕಾಲು ಮುಂದಿಡಬೇಕು. ಕೂಗಿದ ಮೇಲೆ ತಪ್ಪಿದರೆ ಆ ತಪ್ಪೂ ನಿನ್ನದೇ, ಪಕ್ಕದವಳ ಮುಖ ನೋಡಬಾರದು.

ಎಷ್ಟು ಸುಲಭ ಅಲ್ಲವೇ? ಬರಲಿಲ್ಲ ಸಭಿಕರೇ, ಆ ಮಾತು ಇವರ ಬಾಯಿಂದ ಹೊರಗೇ ಬರಲಿಲ್ಲ. ಹರಟೆಗೆ ಕೂತರೆ ಸೂರು ಕಿತ್ತುಹೋಗುವ ಹಾಗೆ ಕಿರುಚುವ ಮಕ್ಕಳು, 'ನಂದು' ಅಂತ ಹೇಳಿ ಅಂದರೆ ನೆಲ ನೋಡುತ್ತಾರೆ. ಅಲ್ಲಿ ಕೂತಿದ್ದಾಳಲ್ಲ, ಎರಡು ಜಡೆಯವಳು, ಅವಳಿಗೆ ನಾವು ಇಟ್ಟ ಹೆಸರೇ ಪಿಸುಮಾತು. ನಾನು ಹೇಳಿದೆ, "ಮಗಳೇ, ಚೆಂಡಿಗೆ ಕಿವಿ ಕೇಳಲ್ಲ, ಜೋರಾಗಿ ಹೇಳು." ಅವಳು ಹೇಳಿದಳು, "ಮೇಡಂ, ಹಾಗೆಲ್ಲ ಅಂದ್ರೆ ಜಂಬ ಅಂತಾರೆ." ಯಾರು ಅಂತಾರೆ ಅಂತ ನಾನು ಕೇಳಲಿಲ್ಲ. ನನಗೂ ಅವರೇ ಅಂದಿದ್ದರು.

ಒಂದು ತಿಂಗಳಾದ ಮೇಲೆ ಅವಳ ಅಮ್ಮ ಲ್ಯಾಬಿಗೇ ಬಂದರು. ಶುಗರ್ ಪರೀಕ್ಷೆಗೆ ಅಂದುಕೊಂಡು ಕೈ ಚಾಚಿ ಅಂದೆ. "ಕೈ ಇರಲಿ ಮೇಡಂ, ನನ್ನ ಮಗಳಿಗೆ ಏನು ಕಲಿಸ್ತಿದ್ದೀರಿ? ಟಿವಿ ರಿಮೋಟು ನಂದು ಅಂತಾಳೆ, ಕಿಟಕಿ ಪಕ್ಕದ ಮಂಚ ನಂದು ಅಂತಾಳೆ, ಅವಳ ಅಣ್ಣ ನೆಲದ ಮೇಲೆ ಮಲಗ್ತಿದ್ದಾನೆ." ನಾನು ಮುಖ ಗಂಭೀರ ಮಾಡಿಕೊಂಡು ವಿಚಾರಿಸ್ತೀನಿ ಅಂದೆ. ಆ ಸಂಜೆ ಅವಳನ್ನು ಕರೆದು ಕ್ಯಾಪ್ಟನ್ ಮಾಡಿದೆ. ಫೈನಲ್ಲಿನಲ್ಲಿ ಇವಳ ಕೂಗು ಕೇಳಿ ರೆಫರಿ ಎರಡು ಸಲ ಬೆಚ್ಚಿಬಿದ್ದರು. ಅಮ್ಮನವರು ಇಲ್ಲೇ ಇದ್ದಾರೆ, ನಗುತ್ತಿದ್ದಾರೆ, ಅಣ್ಣನಿಗೆ ಮಂಚ ಸಿಕ್ಕಿರಬೇಕು.

ಇಷ್ಟೆಲ್ಲ ಹಠ ನಿನಗೆ ಯಾಕೆ ಅಂತ ನನ್ನನ್ನು ಕೇಳುತ್ತಾರೆ. ಹೇಳುತ್ತೇನೆ. ನಾನೂ ನನ್ನ ಅಕ್ಕನೂ ಶಾಲೆಯಲ್ಲಿ ಒಂದೇ ತಂಡಕ್ಕೆ ಆಡುತ್ತಿದ್ದೆವು. ಅವಳು ಚೆಂಡು ಎತ್ತಿಕೊಡುವವಳು, ನಾನು ಹೊಡೆಯುವವಳು. ದೊಡ್ಡ ಕ್ಯಾಂಪಿಗೆ ನಮ್ಮ ಶಾಲೆಯಿಂದ ಒಬ್ಬರಿಗೆ ಅವಕಾಶ ಬಂತು. ನಿಮ್ಮಿಬ್ಬರಲ್ಲಿ ಯಾರು ಹೋಗ್ತೀರಿ ಅಂತ ಮೇಷ್ಟ್ರು ಮನೆಗೇ ಬಂದು ಕೇಳಿದರು. ಅಕ್ಕ ಅಂದಳು, "ಅವಳು ಚಿಕ್ಕೋಳು, ಅವಳೇ ಹೋಗಲಿ." ನಾನು ಅಂದೆ, "ಅವಳು ದೊಡ್ಡೋಳು, ಅವಳೇ ಹೋಗಲಿ." ಮೇಷ್ಟ್ರು ಮತ್ತೆ ಬಂದರು, ನಾವು ಮತ್ತೆ ಅದನ್ನೇ ಅಂದೆವು. ಕೊನೆಗೆ ಬೇಸತ್ತು ಹಿಂದಿನ ಬೀದಿಯ ಹುಡುಗಿಯನ್ನು ಕಳಿಸಿದರು. ಅವಳು ಚೆನ್ನಾಗಿ ಆಡಿದಳು, ಹೆಸರು ಮಾಡಿದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿಲ್ಲ. ಇದೆ, ಸ್ವಲ್ಪ ಇದೆ.

ಎಂಥ ಅಕ್ಕತಂಗಿಯರು, ಎಂಥ ತ್ಯಾಗ ಅಂತ ನೆಂಟರೆಲ್ಲ ಹೊಗಳಿದರು. ತ್ಯಾಗವಲ್ಲ ಸಭಿಕರೇ. ನನಗೆ ಹೋಗಬೇಕಿತ್ತು. ತುಂಬಾ ಹೋಗಬೇಕಿತ್ತು. ಬಾಯಿ ಬರಲಿಲ್ಲ, ಅಷ್ಟೇ. ಇದನ್ನು ಹೇಳಬೇಕು ಅಂತ ನಾನು ಬಂದಿರಲಿಲ್ಲ, ಬಂತು, ಹೇಳಿಬಿಟ್ಟೆ. ಈಗಲೂ ನಾವಿಬ್ಬರು ಊಟಕ್ಕೆ ಕೂತಾಗ ತಟ್ಟೆಯಲ್ಲಿ ಕೊನೆಯ ತುಂಡು ಉಳಿದರೆ, ನೀನು ತಗೋ, ನೀನು ತಗೋ ಅಂತ ಅದು ತಣ್ಣಗಾಗುತ್ತದೆ. ಅಷ್ಟರಲ್ಲಿ ಭಾವ ಬಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಕ್ಷಮಿಸಿ, ಅಧ್ಯಕ್ಷರು ಹಾಕಿಕೊಳ್ಳುತ್ತಾರೆ.

ಈಗ ಅಸಲು ವಿಷಯ. ಎಲ್ಲರೂ ಒಂದು ಸಲ ತಲೆ ಎತ್ತಿ ಮೇಲೆ ನೋಡಿ. ಅತಿಥಿಗಳೂ ನೋಡಬೇಕು. ಸಾಲಾಗಿ ದೀಪಗಳು ಕಾಣುತ್ತಿವೆಯೇ? ಕಣ್ಣು ಚುಚ್ಚುತ್ತಿದೆಯೇ? ಇನ್ನೊಂದು ತಿಂಗಳಿಗೆ ಇವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಅಲ್ಲಿ ಆಟ ಇಂಥದ್ದೇ ಸೂರಿನ ಕೆಳಗೆ, ಇಂಥದ್ದೇ ಮರದ ನೆಲದ ಮೇಲೆ. ಚೆಂಡು ಮೇಲೆ ಹೋಗಿ ಆ ದೀಪಗಳಲ್ಲಿ ಮಾಯವಾಗುತ್ತದೆ, ಎಲ್ಲಿಂದ ಇಳಿಯುತ್ತದೆ ಅಂತ ಅಭ್ಯಾಸವಿಲ್ಲದವರಿಗೆ ತಿಳಿಯುವುದಿಲ್ಲ. ನಮ್ಮ ಹುಡುಗಿಯರು ಇವತ್ತಿನವರೆಗೂ ಸೂರಿನ ಕೆಳಗೆ ಆಡಿಲ್ಲ. ಶಾಲೆ ಬಿಟ್ಟ ಕೂಡಲೇ ಬಂದು ಈ ಹಾಲಿನ ಹಿಂದಿನ ಸಿಮೆಂಟಿನ ಅಂಗಳದಲ್ಲಿ, ಬಿಸಿಲಲ್ಲಿ, ಮಂಡಿ ತರಚಿಕೊಂಡು ಆಡುತ್ತಾರೆ. ಇವತ್ತು ಸನ್ಮಾನ ಅಂತ ಮೊದಲ ಸಲ ಒಳಗೆ ಬಿಟ್ಟಿದ್ದಕ್ಕೆ, ಕುರ್ಚಿ ಹಾಕುವ ಮೊದಲು ಬೂಟು ಕಳಚಿ ಕಾಲುಚೀಲದಲ್ಲಿ ಆ ಗೋಡೆಯಿಂದ ಈ ಗೋಡೆಗೆ ಜಾರಿದರು.

ಯಾಕೆ ಒಳಗೆ ಬಿಡುವುದಿಲ್ಲ? ನೆಲದ ಪಾಲಿಶ್ ಹೋಗುತ್ತದಂತೆ. ಸಂಜೆ ಐದರಿಂದ ಇಲ್ಲಿ ಹಿರಿಯರ ತಂಡ ಆಡುತ್ತದೆ. ಅವರಿಂದ ಪಾಲಿಶ್ ಹೋಗುವುದಿಲ್ಲ, ನಾನು ಒಪ್ಪುತ್ತೇನೆ, ಅಷ್ಟೊಂದು ಅವರು ಓಡಾಡುವುದೇ ಇಲ್ಲ. ಒಂದು ಗೇಮ್ ಆಡುತ್ತಾರೆ, ಉಳಿದ ಹೊತ್ತು ಬೆಂಚಿನಲ್ಲಿ ಕೂತು ಒಬ್ಬರ ಬಿಪಿ ಇನ್ನೊಬ್ಬರು ಕೇಳುತ್ತಾರೆ. ಆ ತಂಡದ ನಾಯಕರು ಯಾರು ಅಂತ ನಾನು ಹೇಳುವುದಿಲ್ಲ, ಅವರು ದೊಡ್ಡ ಕುರ್ಚಿಯಲ್ಲಿದ್ದಾರೆ.

ಪ್ರತಿ ಮೀಟಿಂಗಿನಲ್ಲೂ ನಾನು ಈ ಹಾಲ್ ಮಕ್ಕಳಿಗೂ ಬಿಡಿ ಅಂತ ಕೇಳಿದೆ. "ನೋಡೋಣ" ಅಂದರು. ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದರು. ಹಿರಿಯರು ಏನಂತಾರೋ ಅಂದರು. ಹಿರಿಯರನ್ನು ಕೇಳಿದರೆ ಅಧ್ಯಕ್ಷರು ಏನಂತಾರೋ ಅಂದರು. ಮಕ್ಕಳಿಗೆ ಏನೇನೋ ಬುದ್ಧಿ ಹೇಳಿ ನಾನು ಮಾತ್ರ ಕೈ ಕಟ್ಟಿ ನಿಂತು ಕೇಳುತ್ತಲೇ ಇದ್ದರೆ ಯಾವ ಸೀಮೆ ಕೋಚ್?

ಆದ್ದರಿಂದ ಈ ತುಂಬಿದ ಸಭೆಗೆ ತಿಳಿಸುತ್ತಿದ್ದೇನೆ. ನಾಳೆಯಿಂದ ಐದರಿಂದ ಏಳರವರೆಗೆ ಈ ಹಾಲಿನಲ್ಲಿ ಹುಡುಗಿಯರ ಪ್ರಾಕ್ಟೀಸ್. ನೆಟ್ಟನ್ನು ಅವರ ಎತ್ತರಕ್ಕೆ ಇಳಿಸುತ್ತೇನೆ. ಹಿರಿಯರು ಏಳಕ್ಕೆ ಬರಲಿ. ಬೇಗ ಬಂದವರಿಗೂ ಬೇಸರವಾಗದ ಹಾಗೆ ನೋಡಿಕೊಳ್ಳುತ್ತೇನೆ, ಚೆಂಡು ಹೆಕ್ಕಿಕೊಡಲು ಜನ ಬೇಕೇ ಬೇಕು. ಚಪ್ಪಾಳೆ ಹೊಡೆದಿರಿ, ಸಂತೋಷ. ಅತಿಥಿಗಳೂ ಹೊಡೆದರು, ಅಧ್ಯಕ್ಷರೂ ಹೊಡೆಯಲೇಬೇಕಾಯಿತು. ಆದರೆ ಚಪ್ಪಾಳೆ ಮುಗಿದ ಕೂಡಲೇ ಜೇಬು ಮುಟ್ಟಿ ನೋಡಿಕೊಂಡರು. ಗಾಬರಿ ಬೇಡ ಭಾವ, ಈ ಹಾಲಿನ ಬೀಗದ ಕೈ ನಿಮ್ಮ ಹತ್ತಿರವೇ ಇದೆ. ನನ್ನ ಕೈಯಲ್ಲಿರುವ ಇದು ಇನ್ನೊಂದು.

ಇದನ್ನು ಮಾಡಿಸಿದ್ದು ನಾನಲ್ಲ. ಮೂರನೇ ಸಾಲಿನಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳಲ್ಲ, ನನ್ನ ಅಕ್ಕ, ಅವಳು. ಮೊನ್ನೆ ನೀವು ಸ್ನಾನಕ್ಕೆ ಹೋಗಿದ್ದಾಗ ನಿಮ್ಮದನ್ನು ಅಂಗಡಿಗೆ ಒಯ್ದು ಮಾಡಿಸಿಕೊಂಡು ಬಂದಳು. ಇವತ್ತು ಬೆಳಗ್ಗೆ ನನ್ನ ಕೈಯಲ್ಲಿಟ್ಟು ಅಂದಳು, "ನಾಳೆ ಮೊದಲನೇ ಸರ್ವೀಸ್ ನಾನು ಹಾಕ್ತೀನಿ." ನಾನು ಅಂದೆ, "ಆಗಲ್ಲ, ನಾನು ಹಾಕಬೇಕು." "ನಾನು ದೊಡ್ಡೋಳು." "ಕೋಚ್ ನಾನು." "ಬೀಗದ ಕೈ ತಂದೋಳು ನಾನು." ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು, ನಾವು ತಿರುಗಿಯೂ ನೋಡಲಿಲ್ಲ. ಈ ತಲೆಗಳು ನರೆಯುವವರೆಗೂ ನಾವಿಬ್ಬರು ಒಂದೇ ವಸ್ತು ಬೇಕು ಅಂತ ಜಗಳವಾಡಿದವರೇ ಅಲ್ಲ. ಇವತ್ತೇ ಮೊದಲು. ಇನ್ನೂ ಮುಗಿದಿಲ್ಲ, ಅವಳೂ ಬಿಡುತ್ತಿಲ್ಲ, ನಾನೂ ಬಿಡುವುದಿಲ್ಲ.

ಕೇಳಿಸಿಕೊಂಡ ನಿಮಗೆಲ್ಲ, ಬೆವರು ಸುರಿಸಿದ ನನ್ನ ಹುಡುಗಿಯರಿಗೆ, ಇವತ್ತು ರಾತ್ರಿ ಮನೆಗೆ ಹೋಗಬೇಕಾದ ಅಧ್ಯಕ್ಷರಿಗೆ ವಿಶೇಷವಾಗಿ, ನನ್ನ ಧನ್ಯವಾದ. ನಮಸ್ಕಾರ.