ಹೋಗೋಕೆ ಎರಡು ಗಂಟೆ

ವಿಮಾನದ ಟಿಕೆಟ್ ಮಾಡಿಸುವ ಸಾಲಿನಲ್ಲಿ ನಿಂತಿದ್ದ ವಾಚ್ ರಿಪೇರಿಯವನ ಕಿವಿ, ಮುಂದಿದ್ದ ಅಕ್ಕತಂಗಿಯರ ಮಾತಿಗೆ ತಾನಾಗಿಯೇ ಅಂಟಿಕೊಂಡಿತು. ಇಬ್ಬರಿಗೂ ಅರವತ್ತರ ಆಸುಪಾಸು.

“ಎಷ್ಟು ದೂರ ಅಕ್ಕಾ?” ತಂಗಿ ಕೇಳಿದಳು.

“ಸಾವಿರದ ಇನ್ನೂರು ಕಿಲೋಮೀಟರ್. ಹೋಗೋಕೆ ಎರಡು ಗಂಟೆ, ಬರೋಕೆ ಎರಡೂವರೆಯಂತೆ.”

“ಅದೇ ದಾರಿ ತಾನೆ? ಅರ್ಧ ಗಂಟೆ ಯಾಕೆ ಹೆಚ್ಚು?”

“ಬರುವಾಗ ಗಾಳಿ ಎದುರಾಗುತ್ತಂತೆ. ಅವರು ಹೇಳಿದ್ರು.”

“ಓಹೋ, ಅವರು! ಈ ವಯಸ್ಸಲ್ಲಿ ಮದುವೆ ಆದ್ರೆ ಜನ ಏನಂತಾರೆ ಅಂತ ಅವರು ಹೇಳಲಿಲ್ವಾ?”

“ಅದನ್ನ ಆರು ತಿಂಗಳಿಂದ ನೀನೇ ಹೇಳ್ತಿದ್ದೀಯಲ್ಲೇ.”

ವಾಚಿನವನು ಬಂದ ನಗುವನ್ನು ನುಂಗಿಕೊಂಡ.

“ವಾಪಸ್ ಯಾವಾಗ ಅಕ್ಕಾ?”

“ಹೋಗೋ ಟಿಕೆಟ್ ಮಾತ್ರ ಸಾಕು ಕಣೇ.”

ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು.

“ರಿಜಿಸ್ಟ್ರಾರ್ ಆಫೀಸಲ್ಲಿ ನಿನ್ನ ಕಡೆಯಿಂದ ಸಾಕ್ಷಿ ಯಾರು?”

“ಯಾರೂ ಇಲ್ಲ. ಅವರ ಸ್ನೇಹಿತರೇ ರುಜು ಹಾಕ್ತಾರೆ.”

“ನಾನೇನು ಸತ್ತು ಹೋಗಿದ್ದೀನಾ?”

ಅಕ್ಕ ತಿರುಗಿ ತಂಗಿಯ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಕೌಂಟರಿನ ಹುಡುಗಿ ಮುಂದಿನವರು ಬನ್ನಿ ಎಂದಳು.

“ನಡಿ ಅಕ್ಕಾ, ನಾನೇ ಹೇಳ್ತೀನಿ,” ಎನ್ನುತ್ತಾ ತಂಗಿ ಕೌಂಟರಿನತ್ತ ಹೊರಟಳು. “ಹೋಗೋಕೆ ಎರಡು ಟಿಕೆಟ್ ಕೊಡಮ್ಮ. ಬರೋಕೆ ಒಂದೇ ಸಾಕು.”