ಒಂದೇ ರಕ್ತದ ಜೋಡಿ

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಯುವಕ, ಅವನ ಅಕ್ಕನ ಮಗಳು ನನ್ನ ಪಕ್ಕ ಕೂತಿದ್ದರು. ಅವನ ಡಬ್ಬಿಯಲ್ಲಿ ಬಣ್ಣಕ್ಕೆಂದೇ ಸಾಕುವ ಗೆಕ್ಕೊ ಹಲ್ಲಿಯಿತ್ತು.

"ಇದ್ಕೆ ಇದರ ತಂಗೀನ ಜೋಡಿ ಬುಡಲ್ಲ ಅಂದ್ಯಲ್ಲ ಮಾವ, ಯಾಕೆ?"

"ಒಂದೇ ರಕ್ತ ಕೂಡಿದ್ರೆ ಒಳಗಿರೋ ಬಣ್ಣ ಈಚೆಗೆ ಬತ್ತದೆ, ನಿಜ. ಒಳಗಿರೋ ಕಾಯ್ಲೇನೂ ಬತ್ತದೆ. ಮರಿಗಳು ಕುರುಡಾಗ್ಬೋದು."

"ಅಂಗಾರೆ ನಮ್ಮಿಬ್ರ ಮದ್ವೆ?"

"ನಾವೇನು ಹಲ್ಲಿಗಳಾ, ಭಾನು?"

"ಈ ಮದ್ವೆ ಬ್ಯಾಡ ಅಂತ ಅಮ್ಮಂಗೆ ನೀನಾದ್ರೂ ಹೇಳು. ನನ್ನ ಮಾತು ಕೇಳಕಿಲ್ಲ."

"ಹೇಳ್ದೆ ಕಣಮ್ಮಿ. ಅತ್ಕೊಂಡು ಊಟಾನೇ ಬುಟ್ಬುಟ್ಲು. ನನ್ನ ಎತ್ತಿ ಸಾಕಿದೋಳು ಅವ್ಳೇ."

"ನಾನೇನ್ ಮಾಡ್ಲಿ ಮಾವ?"

ಅಷ್ಟರಲ್ಲಿ ಅವನಿಗೆ ಫೋನು ಬಂತು. "ಬಂದೋ ಅಕ್ಕ" ಎಂದ. ಅವಳ ಕಡೆ ತಿರುಗಿ, "ನಿಮ್ಮಮ್ಮ ಮದ್ವೆ ಸೀರೆಗೆ ಅಂಗ್ಡೀಲಿ ಕಾಯ್ತಾವ್ಳೆ, ನಡಿ" ಎಂದ.

ಇಬ್ಬರೂ ಕೆ.ಆರ್. ನಗರದ ಬಸ್ಸು ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕೂತರು.