ಹಲ್ಲು ಬಿದ್ದವರ ಕಟ್ಟೆ

ಎಲ್ಲರೂ ಕೂತ್ರೇನು? ಆ ಮೂಲೆಯವರು ಸ್ವಲ್ಪ ಒತ್ತಿ ಕೂಡ್ರಿ, ಹಿಂದಿನವರಿಗೂ ಜಾಗ ಬೇಕಲ್ಲ. ಹಾಂ. ಯಾವ ಸೀಮೆಯೋ ನಾ ಕಾಣೆ, ಯಾವ ಕಾಲವೋ ನೀವು ಕೇಳಬೇಡ್ರಿ. ಮನುಷ್ಯರಿಗಿಂತ ಕುರಿಗಳೇ ಹೆಚ್ಚಿದ್ದ ಒಂದೂರು ಇತ್ತು. ಆ ಊರಲ್ಲೊಂದು ಬೇವಿನ ಮರ, ಮರದ ಕೆಳಗೊಂದು ಕಟ್ಟೆ. ಊರಿನ ನ್ಯಾಯ, ಊರಿನ ನೀರು, ಊರಿನ ಮದುವೆ, ಎಲ್ಲ ತೀರ್ಮಾನ ಆಗ್ತಿದ್ದದ್ದು ಆ ಕಟ್ಟೆಯ ಮೇಲೆ.

ಕಟ್ಟೆ ಹತ್ತಿ ಮಾತಾಡೋರು ಯಾರು? ಹಲ್ಲು ಬಿದ್ದವರು! ನಗಬೇಡ್ರಿ, ಕೇಳ್ರಿ. ಅವರ ಮುತ್ತಜ್ಜಂದಿರು ಹಾಗೆ ಕಟ್ಟಳೆ ಮಾಡಿ ಹೋಗಿದ್ದರು. ಹಲ್ಲು ಬಿದ್ದವನು ಬೇಕಾದಷ್ಟು ಉಂಡಿರ್ತಾನೆ, ಬೇಕಾದಷ್ಟು ಕಂಡಿರ್ತಾನೆ, ಬುದ್ಧಿ ಅವನಿಗೇ ಇರೋದು ಅಂತ ಅವರ ಲೆಕ್ಕ. ಮಾತಾಡೋಕೆ ಬಂದವರು ಮೊದಲು ಕಟ್ಟೆಯ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದು ತೋರಿಸಬೇಕು. ಊರ ಹಿರಿಯ ಸೋಮನಿಂಗಜ್ಜ ಬಗ್ಗಿ ನೋಡಬೇಕು. ಒಂದಾದರೂ ಬಿದ್ದಿದ್ದರೆ ಮೇಲೆ ಬಾ, ಇಲ್ಲದಿದ್ದರೆ ಕೆಳಗಿಳಿ. ಮೇಲೆ ಹತ್ತಿದವರ ಮಾತು ಮುಗಿಯೋವರೆಗೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ.

ಆ ಊರಲ್ಲಿ ಮಾಳವ್ವ ಅಂತ ಒಬ್ಬ ಹುಡುಗಿ. ಹದಿಮೂರು ವರ್ಷ. ಕಂಬಳಿ ನೇಯುವವರ ಮನೆಯವಳು, ಕೈಯಲ್ಲಿ ನೂಲು ಹಿಡಿದರೆ ಊಟ ಮರೆಯೋಳು. ಅಪ್ಪನ ಮಗ್ಗದಲ್ಲಿ ಕೂತು ತನ್ನ ಮೊದಲನೇ ಕಂಬಳಿ ಶುರು ಮಾಡಿದ್ದಳು. ಅಷ್ಟರಲ್ಲಿ ಕಟ್ಟೆಯ ಅಜ್ಜಂದಿರಿಗೆ ಏನು ತೋಚಿತೋ! ಏಳು ಊರಿನ ಆಚೆ ಒಂದು ಮನೆ ಇದೆ, ಮುನ್ನೂರು ಕುರಿಯ ಮನೆ, ಅಲ್ಲಿಗೆ ಮಾಳವ್ವನನ್ನು ಕೊಡೋಣ ಅಂದುಬಿಟ್ಟರು. ಮುಂದಿನ ಸೋಮವಾರ ಎಲೆಅಡಿಕೆ ಕೊಟ್ಟು ಮಾತು ಗಟ್ಟಿ ಮಾಡೋದು. ಅವಳನ್ನ ಯಾರಾದರೂ ಕೇಳಿದರಾ? ಯಾಕೆ ಕೇಳ್ತಾರೆ! ಅವಳ ಬಾಯಲ್ಲಿ ಹಲ್ಲೆಲ್ಲ ನೆಟ್ಟಗಿದ್ದವಲ್ಲ.

ಮಾಳವ್ವ ಕಟ್ಟೆಗೆ ಓಡಿದಳು.

"ಅಜ್ಜಾ, ಮದಿವಿ ನಂದು. ನಾ ಮಾತಾಡಬೇಕು."

"ಬಾಯಿ ತೆಗಿಯವ್ವಾ" ಅಂದ ಸೋಮನಿಂಗಜ್ಜ. ನೋಡಿದ. "ಎಲ್ಲಾ ಅದಾವ. ಕೆಳಗಿಳಿ, ತಾಯಿ."

ಮಗಳ ಅಳು ನೋಡಲಾಗದೆ ಅಪ್ಪ ಮಾಯಪ್ಪ ಹೋದ. ದಿನಾ ಬೇವಿನ ಕಡ್ಡಿ ಜಗಿದ ಬಾಯಿ ಅದು.

"ಎಲ್ಲಾ ಅದಾವ. ಕೆಳಗಿಳಿ, ತಮ್ಮಾ."

ಅವ್ವ ಲಕ್ಕವ್ವ ಹೋದಳು. ಅವಳೋ, ಕಬ್ಬನ್ನ ಹಲ್ಲಲ್ಲೇ ಸಿಗಿಯೋಳು!

"ಎಲ್ಲಾ ಅದಾವ. ಕೆಳಗಿಳಿ, ತಂಗಿ."

ಸೋಮನಿಂಗಜ್ಜ ಕೆಟ್ಟವನು ಅಂದುಕೋಬೇಡ್ರಿ. ಮಾಳವ್ವ ಕೂಸಾಗಿದ್ದಾಗ ಹೆಗಲ ಮೇಲೆ ಹೊತ್ತು ಕುರಿಮರಿ ತೋರಿಸಿದವನು. ಅವಳಿಗೆ ಒಳ್ಳೇದು ಮಾಡ್ತಿದ್ದೀನಿ ಅಂತಲೇ ಅವನ ನಂಬಿಕೆ. ಒಳ್ಳೇದೋ ಅಲ್ಲವೋ ಅಂತ ಅವಳನ್ನೇ ಕೇಳೋ ಅಭ್ಯಾಸ ಮಾತ್ರ ಆ ಊರಲ್ಲಿ ಇರಲಿಲ್ಲ.

ಸೋಮವಾರ ಬಂತು. ಬೀಗರು ಬಂದು ಕಟ್ಟೆಯ ಮುಂದೆ ಕೂತರು. ಮಾಳವ್ವ ಎಲ್ಲಿದ್ದಳು? ಮನೆಯ ಹಿತ್ತಲಲ್ಲಿ. ಕೈಯಲ್ಲಿ ಒಂದು ಕಲ್ಲು. ಅವಳ ತಂಗಿ ಬೀರಿ, ಏಳು ವರ್ಷದ ಚೋಟು, ಹುಡುಕಿಕೊಂಡು ಬಂದಳು.

"ಅಕ್ಕಾ, ಕಲ್ಲು ಯಾಕ?"

"ಒಂದ ಹಲ್ಲು ಬಿದ್ರ ಸಾಕು, ಬೀರಿ. ಆಗ ನನ್ನ ಮಾತು ಕೇಳ್ತಾರ." ಕಲ್ಲನ್ನ ಬಾಯಿ ಹತ್ರ ತಂದಳು.

ಬೀರಿ ಕಲ್ಲು ಕಸಿದು ಬೇಲಿಯಾಚೆ ಎಸೆದಳು. "ಹುಚ್ಚಿ! ನಂದು ಎರಡು ಬಿದ್ದಾವಲ್ಲ!"

ಬಾಯಿ ತೆರೆದಳು. ಮುಂದಿನವೆರಡೂ ಮಾಯ! ಬಾಗಿಲು ಕಿತ್ತ ಮನೆ ಹಂಗೆ ಕಾಣ್ತಿತ್ತು ಆ ಬಾಯಿ. ಅಕ್ಕನ ಕೈ ಹಿಡಿದು ಎಳೆದುಕೊಂಡು ಕಟ್ಟೆಗೆ ಹೊರಟೇಬಿಟ್ಟಳು.

"ಅಜ್ಜಾ, ಆ..."

ಸೋಮನಿಂಗಜ್ಜ ಒಂದು ಸಲ ನೋಡಿದ. ಇನ್ನೊಂದು ಸಲ ನೋಡಿದ. ಕಣ್ಣೊರೆಸಿಕೊಂಡು ಮೂರನೇ ಸಲ ನೋಡಿದ. "ಬಿದ್ದಾವಲ್ಲೋ!"

"ಅವು ಹಾಲುಹಲ್ಲು!" ಅಂತ ಕಟ್ಟೆಯ ಮೇಲಿನ ಅಜ್ಜನೊಬ್ಬ ರೇಗಿದ. "ಮತ್ತ ಹುಟ್ಟತಾವ!"

"ಹುಟ್ಟೂತನಕ ಮಾತಾಡ್ತೀನಿ. ಹುಟ್ಟಿದ ಮ್ಯಾಲ ಇಳಿತೀನಿ" ಅಂದಳು ಬೀರಿ.

ಯಾವ ಹಲ್ಲು ಅಂತ ಮುತ್ತಜ್ಜಂದಿರು ಹೇಳಿರಲಿಲ್ಲವಲ್ಲ! ಮೊದಲು ನಕ್ಕವರು ಬೀಗರೇ. ಆಮೇಲೆ ಇಡೀ ಕಟ್ಟೆ ನಕ್ಕಿತು. ಅಜ್ಜ ಬೀರಿಯನ್ನ ಎತ್ತಿ ಮೇಲೆ ನಿಲ್ಲಿಸಿದ.

"ಹೇಳವ್ವಾ, ಏನು ನಿನ್ನ ಮಾತು?"

"ನನ್ನ ಮಾತು ಅಕ್ಕನ ಹತ್ರ ಐತಿ. ಅಕ್ಕಾ, ಮ್ಯಾಲ ಬಾ. ನೀ ಹೇಳು."

ಬೀರಿಯ ಮಾತು ಇನ್ನೂ ಮುಗಿದಿರಲಿಲ್ಲ, ನೋಡ್ರಿ. ನಡುವೆ ಬಾಯಿ ಹಾಕೋರು ಯಾರು? ಮಾಳವ್ವ ಕಟ್ಟೆ ಹತ್ತಿದಳು. ಅಜ್ಜನ ಕಡೆ ತಿರುಗಿದಳು.

"ಅಜ್ಜಾ, ನನಗ ಈಗ ಮದಿವಿ ಬ್ಯಾಡ. ನಾ ನೇಯೋದು ಪೂರಾ ಕಲೀಬೇಕು. ನೀವೆಲ್ಲಾ ನನ್ನ ಪ್ರೀತಿ ಮಾಡ್ತೀರಿ, ನನಗ ಗೊತ್ತೈತಿ. ಆದ್ರ ಪ್ರೀತಿ ಮಾಡೋರು ಒಂದ ಮಾತು ಕೇಳಬೇಕಲ್ಲ? ಏಳು ಊರು ದಾಟಿ ಹೋಗಾಕಿ ನಾನು. ನನ್ನ ಬಿಟ್ಟು ನೀವ ನೀವ ಮಾತಾಡಿಕೊಂಡ್ರಿ."

ಸೋಮನಿಂಗಜ್ಜನಿಗೆ ಬಹಳ ನಾಚಿಕೆ ಆಯ್ತು. ಹೆಗಲ ಮೇಲೆ ಹೊತ್ತ ಕೂಸು ಇಷ್ಟು ಬುದ್ಧಿ ಬೆಳೆಸಿಕೊಂಡದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಮುಂದಿಟ್ಟಿದ್ದ ಎಲೆಅಡಿಕೆಯನ್ನ ತೆಗೆದು ಚೀಲಕ್ಕೆ ಹಾಕಿಕೊಂಡ.

"ಬೀಗರ, ಉಂಡು ಹೋಗ್ರಿ. ಹುಡುಗಿ ಬ್ಯಾಡ ಅಂದಾಳ" ಅಂದ.

ಅಷ್ಟೇ. ಬೀಗರು ಉಂಡರು, ನಗುನಗುತ್ತಲೇ ಹೋದರು.

ಆಮೇಲೆ? ಮುಂದಿನ ಸೋಮವಾರ ಕುರಿ ಕಾಯೋ ಹುಡುಗರು ಬಂದರು, ನೀರು ಹೊರೋ ಹುಡುಗಿಯರು ಬಂದರು. ಯಾರೂ ಯಾರ ಬಾಯೊಳಗೂ ಬಗ್ಗಿ ನೋಡಲಿಲ್ಲ. ಆದರೆ ಕೂಡೋಕೆ ಜಾಗ ಸಾಲಲಿಲ್ಲ. ಅಜ್ಜಂದಿರು ಏನು ಮಾಡಿದರು ಗೊತ್ತೇನು? ಪಂಚೆ ಎತ್ತಿ ಕಟ್ಟಿ, ಹಳ್ಳದಿಂದ ತಾವೇ ಕಲ್ಲು ಹೊತ್ತು ತಂದು, ಕಟ್ಟೆಯನ್ನ ಇನ್ನೆರಡು ಸಾಲು ಅಗಲ ಮಾಡಿದರು.

ಅವರ ಕಟ್ಟೆ ಅವರಿಗಿರಲಿ, ನನ್ನ ಕಥೆ ನಿಮಗಿರಲಿ. ಹೇಳಿ ಹೇಳಿ ಗಂಟಲು ಒಣಗ್ತು, ಒಂದು ತಂಬಿಗೆ ನೀರು ನನಗಿರಲಿ.